ಕರಿಬಂಡೆಯನ್ನು ಅಪ್ಪಿಕೊಂಡ ವರ್ತಕ

"ಗುರುಗಳೇ, ಕದಲದೇ ಇರುವುದು ಯಾವುದೆಂದು ತೋರಿಸಿಕೊಡಿ. ಅದನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತೇನೆ. ಆಗಲಾದರೂ ಈ ಎದೆಬಡಿತ ನಿಂತೀತು" ಎಂದ ಶಿಷ್ಯ ತಿಪ್ಪೇಶ.

"ಎದೆಬಡಿತ ನಿಂತರೆ ಕಷ್ಟ, ಕುಳಿತುಕೋ" ಎಂದರು ಗುರುಗಳು. ಅನಂತರ ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಸೀಮೆಯಲ್ಲಿ ನದಿಯೊಂದು ಬೆಟ್ಟವನ್ನು ಕೊರೆದು ಆಳವಾದ ಕಮರಿ ಮಾಡಿಕೊಂಡಿತ್ತು. ಅದರ ಗೋಡೆಗಳನ್ನು ತೋರಿಸಲು ಒಬ್ಬ ಅಂಬಿಗ ಜನರನ್ನು ಹರಿಗೋಲಿನಲ್ಲಿ ಕರೆದೊಯ್ಯುತ್ತಿದ್ದ. ವರ್ತಕನಿಗೆ ನೀರೆಂದರೆ ಭಯ. ಆದರೆ ಊರಿನವರೆಲ್ಲ ನೋಡಿ ಬಂದಿದ್ದರು. ತಾನೊಬ್ಬಳೇ ನೋಡಿಲ್ಲವೆಂದು ಅವನ ಹೆಂಡತಿ ದಿನವೂ ಹೇಳುತ್ತಿದ್ದಳು. ಕೊನೆಗೆ, ಯಾವುದರ ಭಯ ಹೆಚ್ಚೆಂದು ಯೋಚಿಸಿ, ವರ್ತಕ ಅವಳೊಂದಿಗೆ ಹೊರಟ.

ಅಂಬಿಗ ಇಬ್ಬರ ಬೆನ್ನಿಗೂ ಒಣಗಿದ ಸೋರೆಬುರುಡೆ ಕಟ್ಟಿದ. "ಬಿದ್ದರೆ ಇದು ತೇಲಿಸುತ್ತದೆ. ಬಂಡೆ ಎಷ್ಟೇ ಹತ್ತಿರ ಬರಲಿ, ಮುಟ್ಟಬೇಡಿ. ಹರಿಗೋಲು ತಾನಾಗಿಯೇ ತಿರುಗಿಕೊಂಡು ಹೋಗುತ್ತದೆ" ಎಂದ.

ಹರಿಗೋಲು ಕಮರಿಯೊಳಗೆ ಹೊಕ್ಕಿತು. ಅಂಬಿಗ ಗೋಡೆಯ ಪದರಗಳನ್ನು ತೋರಿಸುತ್ತ ಹೋದ. ಕೆಂಪು ಪದರ ಒಂದು ಕಾಲದಲ್ಲಿ ಮರಳಾಗಿತ್ತು. ಬೂದು ಪದರ ಕೆಸರಾಗಿತ್ತು. ಎಂದೋ ಬತ್ತಿಹೋದ ನೀರಿನ ಅಲೆಗಳು ಕಲ್ಲಿನ ಮೇಲೆ ಗೆರೆಗಳಾಗಿ ಉಳಿದಿದ್ದವು. ಹೆಂಡತಿ ಕತ್ತೆತ್ತಿ ನೋಡುತ್ತಲೇ ಇದ್ದಳು. ವರ್ತಕ ಮಾತ್ರ ಹರಿಗೋಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಕೆಳಗೆ ನೀರು ಹರಿಯುತ್ತಿದೆ. ಪಕ್ಕದ ಗೋಡೆಯೂ ಒಮ್ಮೆ ಹರಿದಾಡಿದ್ದೇ!

"ಗಟ್ಟಿಯಾಗಿ ನಿಂತದ್ದು ಒಂದಾದರೂ ಇದೆಯೋ ಇಲ್ಲವೋ ಇಲ್ಲಿ?" ಎಂದು ಕೇಳಿದ.

"ಮುಂದಿನ ತಿರುವಿನಲ್ಲಿ ಒಂದು ಕರಿಬಂಡೆ ಇದೆ, ಸಾಹುಕಾರ್ರೇ. ಸುತ್ತಲಿನದನ್ನೆಲ್ಲ ಕೊರೆದ ನದಿಗೆ ಅದನ್ನು ಮಾತ್ರ ಕೊರೆಯಲು ಆಗಿಲ್ಲ. ಆ ಸಿಟ್ಟಿಗೇ ನೀರು ಅಲ್ಲಿ ಅಷ್ಟು ಜೋರಾಗಿ ಅಪ್ಪಳಿಸುತ್ತದೆ."

ವರ್ತಕ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡ.

ತಿರುವು ಬಂತು. ನೀರಿನ ಸದ್ದಿನಲ್ಲಿ ಮಾತು ಮುಳುಗಿತು. ಹರಿಗೋಲು ಗಿರ್ರನೆ ತಿರುಗಿ ಕರಿಬಂಡೆಯ ಪಕ್ಕಕ್ಕೆ ಬಂದಾಗ ವರ್ತಕ ಎದ್ದು ಎರಡೂ ತೋಳುಗಳಿಂದ ಅದನ್ನು ಅಪ್ಪಿಕೊಂಡ. ಹರಿಗೋಲು ಅವನ ಕಾಲಡಿಯಿಂದ ಜಾರಿ ಮುಂದಕ್ಕೆ ಹೋಯಿತು.

ಕೆಳಗಿನ ಮಡುವಿನಲ್ಲಿ ನೀರು ಶಾಂತವಾಗಿತ್ತು. ಅಂಬಿಗ ಹರಿಗೋಲನ್ನು ಅಲ್ಲಿ ನಿಲ್ಲಿಸಿದ. ಆ ಸೆಳೆತಕ್ಕೆ ಎದುರಾಗಿ ಮೇಲಕ್ಕೆ ಹೋಗುವುದು ಯಾರಿಂದಲೂ ಆಗದ ಕೆಲಸ. ವರ್ತಕ ಸೊಂಟದವರೆಗೆ ನೀರಿನಲ್ಲಿ ಜೋತುಬಿದ್ದಿದ್ದ.

"ಕಾಲಿನಿಂದ ಬಂಡೆಯನ್ನು ಒದ್ದು ಕೈಬಿಡಿ!" ಎಂದು ಅಂಬಿಗ ಕೂಗಿದ. "ಈಗಲೇ ಬಿಡಿ. ಕಸುವು ಇರುವಾಗ ಒದ್ದರೆ ನೀರು ನಿಮ್ಮನ್ನು ಇಲ್ಲಿಗೆ ತಂದು ಹಾಕುತ್ತದೆ. ಸೋತ ಮೇಲೆ ಬಿಟ್ಟರೆ ಬಂಡೆಯ ಅಡಿಗೆ ಎಳೆದುಕೊಳ್ಳುತ್ತದೆ, ಆಗ ಬುರುಡೆಯೂ ಎತ್ತುವುದಿಲ್ಲ!"

"ಹುಚ್ಚನೇ ನಾನು? ಈ ಕಲ್ಲು ಎಲ್ಲಿಗೂ ಹೋಗುವುದಿಲ್ಲ!"

"ಕಲ್ಲು ಹೋಗುವುದಿಲ್ಲ ಸಾಹುಕಾರ್ರೇ, ನಿಮ್ಮ ತೋಳು ಹೋಗುತ್ತದೆ!"

"ರೀ, ಮನೆಯಲ್ಲಂತೂ ನನ್ನ ಒಂದು ಮಾತು ಕೇಳಲಿಲ್ಲ, ಇಲ್ಲಾದರೂ ಕೇಳ್ರೀ!" ಎಂದಳು ಹೆಂಡತಿ. ಮೊದಲು ಬೈದಳು. ಆಮೇಲೆ ದಮ್ಮಯ್ಯ ಅಂದಳು. ಆಮೇಲೆ ಬರೀ ಅವನ ಹೆಸರು ಹಿಡಿದು ಕೂಗತೊಡಗಿದಳು. ಮದುವೆಯಾದಂದಿನಿಂದ ಅವಳು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ.

ವರ್ತಕ ಕೆನ್ನೆಯನ್ನು ಕಲ್ಲಿಗೆ ಒತ್ತಿ ಕಣ್ಣು ಮುಚ್ಚಿಕೊಂಡ. ಕಲ್ಲು ನಿಜವಾಗಿಯೂ ಕದಲಲಿಲ್ಲ. ಬಿಸಿಲು ಒಂದು ಗೋಡೆಯಿಂದ ಇಳಿದು ಇನ್ನೊಂದು ಗೋಡೆಯನ್ನು ಹತ್ತತೊಡಗಿತು.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶನಿಗೆ ತಡೆಯಲಾಗಲಿಲ್ಲ.

"ಕೈಬಿಟ್ಟನೇ, ಗುರುಗಳೇ?"

"ಬಿಟ್ಟ ಕಣಪ್ಪಾ, ತೋಳು ಸೋತ ಮೇಲೆ ಎಲ್ಲರೂ ಬಿಡುತ್ತಾರೆ."