ಮಡಚದ ಚಕ್ರವನ್ನು ನೋಡಿದವನು

ವಿಮಾನ ಹಾರಿಸಲು ಕಲಿಸುವ ಉತ್ತಯ್ಯನವರನ್ನು ಶಿಷ್ಯೆ ಪ್ರಣತಿ ಕೇಳಿದಳು: "ಗುರುಗಳೇ, ನಮ್ಮ ಈ ಪುಟ್ಟ ವಿಮಾನದ ಚಕ್ರಗಳು ಮಡಚುವುದಿಲ್ಲ. ಸದಾ ಕೆಳಗೇ ಇರುತ್ತವೆ. ಆದರೂ ಇಳಿಯುವ ಮೊದಲು ಪ್ರತಿ ಸಲ ಬಗ್ಗಿ ನೋಡಿ, ಚಕ್ರ ಇದೆ ಎಂದು ಏಕೆ ಹೇಳಬೇಕು?"

ಉತ್ತಯ್ಯ ಒಂದು ಕತೆ ಹೇಳಿದರು.

ಒಬ್ಬ ಪೈಲಟ್ ಇದ್ದ. ಅವನ ವಿಮಾನವೂ ಇಂಥದೇ. ಇಳಿಯುವ ಮೊದಲು ಇಂಧನ ನೋಡುತ್ತಿದ್ದ, ಬ್ರೇಕ್ ಒತ್ತಿ ನೋಡುತ್ತಿದ್ದ, ಬೆಲ್ಟ್ ಎಳೆದು ನೋಡುತ್ತಿದ್ದ. ಆಮೇಲೆ ಬಗ್ಗಿ ಚಕ್ರ ನೋಡುತ್ತಿದ್ದ. ಜೊತೆಯವರಿಗೆ ಇದೊಂದು ತಮಾಷೆ. ಮನೆಗೆ ಹೋದಾಗ ಮನೆ ಇದೆಯೋ ಇಲ್ಲವೋ ಎಂದೂ ನೋಡುತ್ತೀಯಾ ಎಂದು ಕಿಚಾಯಿಸುತ್ತಿದ್ದರು. ಅವನೂ ನಗುತ್ತಿದ್ದ. ನೋಡುವುದನ್ನು ಮಾತ್ರ ಬಿಡಲಿಲ್ಲ. ನಕ್ಕವರೇನು ಬಂದು ವಿಮಾನ ಇಳಿಸಿಕೊಡುತ್ತಾರೆಯೇ?

ಒಂದು ದಿನ ಬೇರೆ ಊರಿನಿಂದ ಒಬ್ಬ ವ್ಯಾಪಾರಿಯನ್ನು ಕೂರಿಸಿಕೊಂಡು ತನ್ನ ಊರಿಗೆ ಹೊರಟ. ವ್ಯಾಪಾರಿಗೆ ಅಲ್ಲಿ ಮೊಮ್ಮಗಳು ಹುಟ್ಟಿದ್ದಳು. ಇನ್ನೂ ಮುಖ ನೋಡಿರಲಿಲ್ಲ. ಊರು ಬಂತು. ಪೈಲಟ್ ಬಗ್ಗಿದ್ದನ್ನು ಕಂಡು ವ್ಯಾಪಾರಿ, "ಚಕ್ರ ಎಲ್ಲಿಗೆ ಹೋಗುತ್ತೆ ಸ್ವಾಮಿ? ಬೇಗ ಇಳಿಸಿ, ಮಗು ಕಾಯ್ತಿದೆ" ಎಂದ.

"ಹೋಗಿದೆ" ಎಂದ ಪೈಲಟ್.

ನೆಲ ಬಿಟ್ಟು ಏಳುವಾಗಲೇ ಎಡಗಡೆಯ ಚಕ್ರ ಕಳಚಿ ಬಿದ್ದಿತ್ತು. ಇಬ್ಬರಿಗೂ ಗೊತ್ತಾಗಿರಲಿಲ್ಲ. ಎಂದಿನಂತೆ ಇಳಿಸಿದ್ದರೆ ಚಕ್ರವಿಲ್ಲದ ಕಾಲು ನೆಲಕ್ಕೆ ನಾಟಿ ವಿಮಾನ ಮಗುಚುತ್ತಿತ್ತು.

ಪೈಲಟ್ ವಿಮಾನವನ್ನು ಮತ್ತೆ ಮೇಲಕ್ಕೆತ್ತಿದ. ಕೆಳಗಿನವರಿಗೆ ರೇಡಿಯೊದಲ್ಲಿ ಸುದ್ದಿ ಕೊಟ್ಟ. ಇಳಿಯುವಾಗ ಬೆಂಕಿ ಹತ್ತದಿರಲೆಂದು ಇಂಧನ ತೀರುತ್ತ ಬರುವವರೆಗೂ ಸುತ್ತು ಹಾಕಿದ. ವ್ಯಾಪಾರಿ ಗೊತ್ತಿದ್ದ ದೇವರನ್ನೆಲ್ಲ ಕರೆದ. ಬಳಿಕ ಪೈಲಟ್ ವಿಮಾನವನ್ನು ಬಲಕ್ಕೆ ವಾಲಿಸಿ, ಬಲಗಡೆಯ ಚಕ್ರವನ್ನೇ ಮೊದಲು ನೆಲಕ್ಕೆ ತಾಗಿಸಿದ. ವೇಗ ತಗ್ಗುವ ತನಕ ಎಡರೆಕ್ಕೆಯನ್ನು ಎತ್ತಿಯೇ ಹಿಡಿದ. ಕೊನೆಗೆ ವಿಮಾನದ ಚಕ್ರವಿಲ್ಲದ ಎಡಗಾಲು ನೆಲವನ್ನು ಉಜ್ಜಿತು. ವಿಮಾನ ಅರ್ಧ ತಿರುಗಿ ನಿಂತಿತು. ಇಬ್ಬರ ಮೈಮೇಲೂ ಒಂದು ಗೀರಿಲ್ಲ.

ಎಂಥ ಸಂತೋಷ ಅದು! ಕಿಚಾಯಿಸುತ್ತಿದ್ದವರೇ ಓಡಿಬಂದು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಸಂಜೆಯ ಹೊತ್ತಿಗೆ ಮೊಮ್ಮಗಳು ವ್ಯಾಪಾರಿಯ ತೊಡೆಯ ಮೇಲಿದ್ದಳು.

ಪ್ರಣತಿಯ ಮುಖ ಅರಳಿತು. "ಅವನಿಗೆ ಅಂದು ಏನೋ ಅನುಮಾನ ಬಂದಿರಬೇಕು, ಗುರುಗಳೇ" ಎಂದಳು.

"ಅನುಮಾನ ಬಂದರೆ ಯಾರು ಬೇಕಾದರೂ ನೋಡುತ್ತಾರಮ್ಮ, ಅವನು ನೋಡಿದ್ದು ಚೂರೂ ಅನುಮಾನವಿಲ್ಲದ ದಿನ."