ತಕ್ಕಡಿ ದೊರೆಯೂ ಮಡಚುವ ಚೂರಿಯೂ

ಬೆಟ್ಟದ ಸೀಮೆಯಲ್ಲಿ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ದೊರೆ. ದೊರೆ ಒಳ್ಳೆಯವನೇ, ಸುಳ್ಳು ಯಾಕೆ ಹೇಳಲಿ. ಆದರೆ ಅವನಿಗೊಂದು ಹುಚ್ಚಿತ್ತು, ತಕ್ಕಡಿ ಹುಚ್ಚು. ಸಿಂಹಾಸನದ ಪಕ್ಕದಲ್ಲೇ ಆಳೆತ್ತರದ ತಕ್ಕಡಿ ನಿಲ್ಲಿಸಿಕೊಂಡಿದ್ದ. ಕವಿ ಪದ್ಯ ತಂದರೆ ಓಲೆಗರಿ ತೂಗುವನು. ವೈದ್ಯ ಮದ್ದು ತಂದರೆ ಬೇರು ತೂಗುವನು. ಮಗಳಿಗೆ ಗಂಡು ನೋಡಿದಾಗ ಮೂವರನ್ನು ಕೂರಿಸಿ ತೂಗಿ, ಹೆಚ್ಚು ಭಾರ ಇದ್ದವನಿಗೇ ಕೊಟ್ಟ. ಆ ಅಳಿಯ ಇವತ್ತಿಗೂ ಅರಮನೆಯ ಅಡುಗೆಮನೆ ಬಿಟ್ಟು ಕದಲಿಲ್ಲವಂತೆ. ಜನ ಎದುರಿಗೆ ಬುದ್ಧಿ, ಸ್ವಾಮಿ ಅನ್ನುತ್ತಿದ್ದರು. ಬೆನ್ನ ಹಿಂದೆ ತಕ್ಕಡಿ ದೊರೆ ಅನ್ನುತ್ತಿದ್ದರು.

ಆ ರಾಜ್ಯದ ಅಂಚಿನಲ್ಲಿ ಒಂದು ಕಡಿದಾದ ಬಂಡೆ. ಬಂಡೆಯ ಹೊಟ್ಟೆಗೆ ಅಂಟಿಕೊಂಡು ಹೆಜ್ಜೇನು. ಜೇನು ಇಳಿಸುವವರು ಮೇಲಿನಿಂದ ಬಳ್ಳಿಯ ಹಗ್ಗ ಕಟ್ಟಿಕೊಂಡು ಇಳಿಯುತ್ತಾರೆ. ಸೊಂಟದಲ್ಲಿ ಅಲಗು ಬಿಚ್ಚಿಟ್ಟುಕೊಂಡು ಇಳಿದರೆ ಅದು ಹಗ್ಗಕ್ಕೆ ತಾಗೀತು. ತಾಗಿದರೆ ಮುಗಿಯಿತು. ಅದಕ್ಕೇ ಅವರಿಗೆ ಮಡಚುವ ಚೂರಿ ಬೇಕು. ಇಳಿಯುವಾಗ ಅಲಗು ಹಿಡಿಯೊಳಗೆ ಮಲಗಿರುತ್ತದೆ. ಜೇನುಹುಟ್ಟಿನ ಹತ್ತಿರ ಬಂದಮೇಲೆ ಬಿಚ್ಚುತ್ತಾರೆ. ಆಗ ಹಿಡಿಯ ಬೆನ್ನಲ್ಲಿರುವ ಉಕ್ಕಿನ ನಾಲಗೆ ಅಲಗಿನ ಕಚ್ಚಿಗೆ ಟಕ್ ಅಂತ ಕೂರುತ್ತದೆ. ಅದೇ ಚಿಲಕ. ಹುಟ್ಟಿನ ಬುಡಕ್ಕೆ ಅಲಗಿನ ಬಾಯಿ ಕೊಟ್ಟು, ಬೆನ್ನಿಗೆ ಮರದ ಕೊಡತಿಯಿಂದ ಬಡಿದು ಹುಟ್ಟು ಬಿಡಿಸುತ್ತಾರೆ. ಚಿಲಕ ನಿಂತರೆ ಅಲಗು ನಿಂತಿತು. ಚಿಲಕ ಕೈಕೊಟ್ಟರೆ ಅಲಗು ಹಿಂದಕ್ಕೆ ಮಡಚಿ, ಹಿಡಿದ ಬೆರಳಿನ ಮೇಲೇ ಬೀಳುತ್ತದೆ. ಬೆರಳು ಹೋದವನು ಹಗ್ಗ ಹೇಗೆ ಹಿಡಿದಾನು, ನೀವೇ ಹೇಳಿ.

ಆ ಜನರಲ್ಲಿ ಇನ್ನೊಂದು ಪದ್ಧತಿ ಇತ್ತು. ಇಳಿದವನ ಹಗ್ಗವನ್ನು ಮೇಲೆ ಕಾಯುವವನು ಯಾವಾಗಲೂ ಅವನ ಹೆಂಡತಿಯ ಒಡಹುಟ್ಟಿದವನೇ. ಬೇರೆ ಯಾರು ಬಂದರೂ ಕೊಡರು. ಯಾಕೆಂದರೆ ಹಗ್ಗ ಬಿಟ್ಟರೆ ಹೋಗುವುದು ಅವನ ಅಕ್ಕನ ತಾಳಿ.

ಅವರಿಗೆಲ್ಲ ಚೂರಿ ಮಾಡಿಕೊಡುತ್ತಿದ್ದವನು ಮುದ್ದಾಚಾರಿ ಅನ್ನುವ ಮುದುಕ. ಕೆಂಡದಲ್ಲಿ ಕಾಯಿಸಿ ನೀರಿಗೆ ಅದ್ದಿದ ಉಕ್ಕನ್ನು ಮತ್ತೆ ಮೆಲ್ಲಗೆ ಕಾಯಿಸಿ ಹದ ಮಾಡುವನು. ಹಾಗೆ ಮಾಡಿದರೆ ಗಡಸು ಒಂದಿಷ್ಟು ಇಳಿಯುತ್ತದೆ, ಪೆಟ್ಟು ತಾಳುವ ಗುಣ ಬರುತ್ತದೆ. ಒಂದೊಂದು ಚಿಲಕಕ್ಕೂ ಅರ್ಧ ದಿನ ಹಿಡಿಯುವುದು. ಹಿಡಿಯ ಮೇಲೆ ಪುಟ್ಟ ಮೀನಿನ ಗುರುತು ಕೊರೆಯುವನು.

ಹೀಗಿರುವಾಗ ಪೇಟೆಯಿಂದ ಸಿಂಗಾಚಾರಿ ಅನ್ನುವವನು ಬಂದ. ಮೀಸೆಗೆ ಎಣ್ಣೆ, ಮಾತಿಗೆ ಬೆಣ್ಣೆ. ತನ್ನ ಚೂರಿಯ ಚಿಲಕದಷ್ಟು ಬಲ ಇಡೀ ಸೀಮೆಯಲ್ಲಿ ಇನ್ನೊಂದಕ್ಕಿಲ್ಲ, ಬೇಕಾದರೆ ತೂಗಿ ನೋಡಿ ಅಂದ. ತೂಗಿ ಅಂದದ್ದೇ ತಡ, ದೊರೆಯ ಮುಖ ಅರಳಿತು.

ಎರಡು ಚೂರಿಗಳ ಹಿಡಿಯನ್ನೂ ದಿಮ್ಮಿಗೆ ಬಿಗಿದರು. ಬಾಯಿ ಕೆಳಗೆ, ಬೆನ್ನು ಮೇಲೆ. ಬೆನ್ನಿನ ಮೇಲಿಂದ ಸರಪಳಿ ಇಳಿಬಿಟ್ಟು ತೂಕದ ಗುಂಡು ಕಟ್ಟಿದರು. ಹತ್ತು ಗುಂಡು ಕಟ್ಟಿದರು, ಎರಡೂ ನಿಂತವು. ಇಪ್ಪತ್ತು ಗುಂಡು ಕಟ್ಟಿದರು, ಎರಡೂ ನಿಂತವು. ಮೂವತ್ತು ಕಟ್ಟಿದಾಗ ಮುದ್ದಾಚಾರಿಯ ಚಿಲಕ ಕೂದಲೆಳೆಯಷ್ಟು ಬಾಗಿತು. ಅಲಗು ನಿಧಾನವಾಗಿ ತಲೆ ತಗ್ಗಿಸಿ ಮಡಚಿಕೊಂಡಿತು. ಸಿಂಗಾಚಾರಿಯದು ಮಾತ್ರ ಅಲುಗಾಡಲಿಲ್ಲ. ಅವನು ಆರಾಮವಾಗಿ ಕಂಬಕ್ಕೊರಗಿ, ಸೊಂಟದಿಂದ ಒಂದು ಚೂರಿ ತೆಗೆದು ಕಬ್ಬು ಸುಲಿದು ತಿನ್ನುತ್ತಿದ್ದ.

ಮುದ್ದಾಚಾರಿ ಕೈಮುಗಿದ. "ಬುದ್ಧಿ, ಜೇನಿನವರು ಚೂರಿಗೆ ಗುಂಡು ತೂಗಿಹಾಕಲ್ಲ. ಪೆಟ್ಟು ಹಾಕ್ತಾರೆ. ಭಾರ ಹೊರೋದು ಬೇರೆ, ಪೆಟ್ಟು ತಾಳೋದು ಬೇರೆ."

"ಸರಿ, ಪೆಟ್ಟಿನ ತೂಕ ಎಷ್ಟು?" ಅಂತ ದೊರೆ ಕೇಳಿದ.

ಪೆಟ್ಟನ್ನು ತಟ್ಟೆಗೆ ಹಾಕಿ ತೂಗಲಾದೀತೇ. ಪಾಪ, ಮುದುಕ ಮಡಚಿಕೊಂಡ ಚೂರಿ ಎತ್ತಿಕೊಂಡು ಹೊರಟ.

ಅಪ್ಪಣೆ ಆಯಿತು. ಸಿಂಗಾಚಾರಿಗೆ ಮುನ್ನೂರು ಚೂರಿಯ ಕೆಲಸ. ಹಳೆಯ ಚೂರಿಗಳನ್ನೆಲ್ಲ ಅರಮನೆಗೆ ಒಪ್ಪಿಸಬೇಕು. ಹೊಸ ಚೂರಿ ಇಲ್ಲದವನು ಬಂಡೆ ಇಳಿಯಕೂಡದು. ಮುದ್ದಾಚಾರಿಗಾದರೆ ಮುನ್ನೂರಕ್ಕೆ ವರ್ಷ ಬೇಕಿತ್ತು. ಸಿಂಗಾಚಾರಿ ಒಂದೇ ತಿಂಗಳಲ್ಲಿ ಮುಗಿಸಿ ಹಂಚಲು ಶುರುಮಾಡಿದ. ಹೇಗೆ ಮುಗಿಸಿದ? ಉಕ್ಕನ್ನು ಮತ್ತೆ ಕಾಯಿಸಿ ಹದ ಮಾಡುವ ಕೆಲಸವನ್ನೇ ಬಿಟ್ಟುಬಿಟ್ಟಿದ್ದ. ಹಾಗೆ ಬಿಟ್ಟ ಚಿಲಕ ಎಷ್ಟು ಭಾರವಾದರೂ ಹೊರುತ್ತದೆ, ಪೆಟ್ಟು ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದೊರೆ ತೂಗುತ್ತಾನೆಯೇ ಹೊರತು ಬಡಿಯುವುದಿಲ್ಲ, ಅದೂ ಗೊತ್ತಿತ್ತು.

ಜೇನಿನವರ ಹಾಡಿಯಲ್ಲಿ ಬೊಳ್ಳಿ ಅಂತ ಒಬ್ಬಳು. ಅವಳ ಗಂಡ ಜಡೆಯ. ಅವಳ ತಮ್ಮ ಮಾಸ್ತಿ. ಇನ್ನು ಮೂರು ದಿನಕ್ಕೆ ಜಡೆಯ ಬಂಡೆ ಇಳಿಯಬೇಕು, ಮಾಸ್ತಿ ಹಗ್ಗ ಕಾಯಬೇಕು. ಹೊಸ ಚೂರಿ ಮನೆಗೆ ಬಂದರೆ ಮೊದಲು ಹೆಂಡತಿಯೇ ಅದರಲ್ಲಿ ಬಿದಿರು ಸೀಳಿ, ಜೇನು ಇಳಿಸುವ ಬುಟ್ಟಿ ಹೆಣೆಯುವುದು ಅವರ ರೂಢಿ. ಬೊಳ್ಳಿ ಎಡಗೈಯಲ್ಲಿ ಚೂರಿ ಹಿಡಿದು ಬಿದಿರಿನ ತಲೆಗೆ ಇಟ್ಟಳು. ಬಲಗೈಯಲ್ಲಿ ಕೊಡತಿ ಎತ್ತಿದಳು. ಒಂದು ಪೆಟ್ಟು ಹಾಕಿದಳು, ಬಿದಿರು ಬಾಯಿಬಿಟ್ಟಿತು. ಎರಡು ಪೆಟ್ಟು ಹಾಕಿದಳು, ಬಿದಿರು ಅರ್ಧ ಸೀಳಿತು. ಮೂರನೆಯ ಪೆಟ್ಟಿಗೆ ಚಿಲಕ ಒಡೆದು ಅಲಗು ಮಡಚಿ ಕೈಮೇಲೆ ಬಿತ್ತು.

ಬೊಳ್ಳಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಒಂದು ಕಣ್ಣು ಬಿಟ್ಟಳು. ಬೆರಳು ಎಣಿಸಿದಳು, ಐದೂ ಇದ್ದವು. ಅವಳ ಉಂಗುರದ ಬೆರಳಲ್ಲಿ ದಪ್ಪನೆಯ ಹಿತ್ತಾಳೆ ಉಂಗುರ ಇತ್ತು. ಅಲಗು ಅದರ ಮೇಲೆ ಬಿದ್ದು, ಅರ್ಧದಷ್ಟು ಕಡಿದು ನಿಂತಿತ್ತು. ನೆಲದ ಮೇಲೆ ಕೂತು, ಉಂಗುರ ಹಿಡಿದುಕೊಂಡು ಗಳಗಳ ಅತ್ತಳು. ಬೆರಳಿಗಾಗಿ ಅತ್ತದ್ದಲ್ಲ. ಮೂರು ದಿನ ಕಳೆದಿದ್ದರೆ ಈ ಚೂರಿ ಜಡೆಯನ ಕೈಯಲ್ಲಿ ಇರುತ್ತಿತ್ತಲ್ಲ ಅಂತ.

ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಮುದ್ದಾಚಾರಿಯನ್ನೂ ಕರೆದುಕೊಂಡು ನೇರ ಅರಮನೆಗೆ ನಡೆದಳು. ಒಡೆದ ಚೂರಿ ತೋರಿಸಿದಳು. ಸಿಂಗಾಚಾರಿ ಅಲ್ಲೇ ಇದ್ದ. ಹೆಂಗಸಿಗೆ ಚೂರಿ ಹಿಡಿಯಲು ಬರಲ್ಲ ಅಂತ ನಕ್ಕ. ಮೂವತ್ತು ಗುಂಡು ಹೊತ್ತದ್ದು ಇವಳ ಒಂದು ಪೆಟ್ಟಿಗೆ ಒಡೆಯುತ್ತದೆಯೇ ಅಂದ. ದೊರೆಗೂ ಹೌದೆನ್ನಿಸಿತು.

"ಪೆಟ್ಟಿನ ತೂಕ ಎಷ್ಟಮ್ಮಾ? ಅದನ್ನ ಹೇಳು ಮೊದಲು."

ಬೊಳ್ಳಿ ಕಡಿದ ಉಂಗುರವನ್ನು ತಕ್ಕಡಿಯ ತಟ್ಟೆಗೆ ಹಾಕಿದಳು.

"ಇಷ್ಟು, ಬುದ್ಧಿ. ಇದಿಲ್ದೇ ಇದ್ದಿದ್ರೆ ಈ ತಟ್ಟೇಲಿ ನನ್ನ ಬೆರಳು ಇಡಬೇಕಾಗ್ತಿತ್ತು. ಬಂಡೇಲಿ ಆಗಿದ್ರೆ ನನ್ನ ಗಂಡನ್ನೇ ಇಡಬೇಕಾಗ್ತಿತ್ತು."

ದೊರೆ ಉಂಗುರ ನೋಡಿದ. ತಕ್ಕಡಿಯ ಮುಳ್ಳು ಕದಲಿರಲಿಲ್ಲ. ಅವನು ಹುಟ್ಟಿದ ಮೇಲೆ ಮೊದಲ ಸಲ ಅದನ್ನು ನಂಬಲಿಲ್ಲ.

ಆಗ ಬೊಳ್ಳಿ ತಮ್ಮ ಜನರ ಪದ್ಧತಿ ಹೇಳಿದಳು. ಕೈಬಿಟ್ಟರೆ ಯಾರ ಮನೆ ಅಳುತ್ತದೋ ಅವನ ಕೈಗೇ ತಾವು ಹಗ್ಗ ಕೊಡುವುದು. ಹಗ್ಗಕ್ಕಿರುವ ಹಾಗೆ ಚಿಲಕಕ್ಕೂ ಅಂಥವನೊಬ್ಬ ಬೇಕು. ಸಿಂಗಾಚಾರಿ ಹಂಚಲು ಉಳಿದಿರುವ ತನ್ನ ರಾಶಿಯಲ್ಲಿ ಯಾವ ಚೂರಿಯನ್ನಾದರೂ ಆರಿಸಿಕೊಳ್ಳಲಿ. ನಾಲ್ಕು ಬೆರಳು ಸುತ್ತಿ ಬಿಗಿಯಾಗಿ ಹಿಡಿಯಲಿ. ತಾನು ಬೆನ್ನಿಗೆ ಮೂರು ಪೆಟ್ಟು ಹಾಕುತ್ತೇನೆ, ಅಷ್ಟೇ ಸಾಕು ಅಂದಳು.

ದೊರೆ ಹಿಡಿ ಅಂದ. ಸಿಂಗಾಚಾರಿ ಬಲಗೈ ನೋಯುತ್ತಿದೆ ಅಂದ. ಎಡಗೈ ಇದೆಯಲ್ಲ ಅಂದಳು ಬೊಳ್ಳಿ. ದೊರೆ ಮತ್ತೆ ಹಿಡಿ ಅಂದ. ಚೂರಿಯನ್ನು ದಿಮ್ಮಿಗೆ ಬಿಗಿಯೋಣ ಅಂದ ಸಿಂಗಾಚಾರಿ. ಬಂಡೆಯಲ್ಲಿ ದಿಮ್ಮಿ ಇಲ್ಲ ಅಂದಳು ಬೊಳ್ಳಿ. ಮೂರನೆಯ ಸಲ ದೊರೆ ಹಿಡಿ ಅಂದಾಗ, ಸಿಂಗಾಚಾರಿ ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಸತ್ತ ಇಲಿ ಹಿಡಿದ ಹಾಗೆ ಎತ್ತಿದ. ಬೊಳ್ಳಿ ಕೊಡತಿ ಎತ್ತುವಷ್ಟರಲ್ಲಿ ಅದನ್ನೂ ಕೆಳಗಿಟ್ಟ.

"ಹೋಗಲಿ ಬಿಡಿ," ಅಂದಳು ಬೊಳ್ಳಿ. "ಗುಂಡು ತೂಗಿದ ದಿನ ಕಬ್ಬು ಸುಲಿದ್ರಂತಲ್ಲ ಆಚಾರಪ್ಪ, ಮುದ್ದಾಚಾರಪ್ಪ ಹೇಳಿದ್ರು, ಆ ಚೂರೀನಾದ್ರೂ ತೋರಿಸಿ."

ಸಿಂಗಾಚಾರಿಯ ಕೈ ಸೊಂಟ ಮುಚ್ಚಿಕೊಂಡಿತು. ದೊರೆ ಕೈ ಚಾಚಿದ. ಬೇರೆ ದಾರಿ ಇಲ್ಲದೆ ಸಿಂಗಾಚಾರಿ ತೆಗೆದುಕೊಟ್ಟ. ದೊರೆ ಹಿಡಿ ತಿರುಗಿಸಿ ನೋಡಿದರೆ ಪುಟ್ಟ ಮೀನಿನ ಗುರುತು. ಸಿಂಗಾಚಾರಿ ತನ್ನ ಬೆರಳಿಗೆ ನಂಬಿದ್ದು ಮುದ್ದಾಚಾರಿಯ ಚಿಲಕವನ್ನು.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೊರೆ ನಗಲಿಲ್ಲ. ರಾಶಿಯಿಂದ ಹತ್ತು ಚೂರಿ ತೆಗೆಸಿ, ದಿಮ್ಮಿಗೆ ಬಿಗಿಸಿ, ತಾನೇ ಕೊಡತಿ ಹಿಡಿದು ಬಡಿದ. ಹತ್ತೂ ಒಡೆದವು. ಆಮೇಲೆ ಮೀನಿನ ಗುರುತಿನ ಚೂರಿಯನ್ನು ಮುದ್ದಾಚಾರಿ ನಾಲ್ಕು ಬೆರಳು ಸುತ್ತಿ ಹಿಡಿದ. ಬೊಳ್ಳಿ ಮೂರು ಪೆಟ್ಟು ಹಾಕಿದಳು. ಮುದುಕ ಅತ್ತ ಕಡೆ ತಿರುಗಿ, ಅರಮನೆಯ ಅಳಿಯನ ಊಟ ಆಯಿತೇ ಅಂತ ವಿಚಾರಿಸುತ್ತ ನಿಂತಿದ್ದ. ಚಿಲಕ ಕದಲಲಿಲ್ಲ.

ಹಂಚಿದ ಹೊಸ ಚೂರಿಗಳೆಲ್ಲ ಆ ಸಂಜೆಯೇ ಹಿಂದಕ್ಕೆ ಬಂದವು. ಹಳೆಯವು ಮನೆಮನೆಗೆ ಹೋದವು. ಒಬ್ಬರ ಒಂದು ಬೆರಳೂ ಹೋಗಲಿಲ್ಲ. ಸಿಂಗಾಚಾರಿ ಮೂರು ವರ್ಷ ಮುದ್ದಾಚಾರಿಯ ಕುಲುಮೆಯಲ್ಲಿ ತಿದಿ ಒತ್ತಬೇಕು, ಹದ ಕಲಿಯಬೇಕು ಅಂತ ತೀರ್ಪಾಯಿತು. ಇನ್ನು ಮೇಲೆ ಯಾವ ಆಚಾರಿಯಾದರೂ ಚೂರಿ ಮಾರುವ ಮೊದಲು ತಾನೇ ಹಿಡಿದು ಮೂರು ಪೆಟ್ಟು ತಿನ್ನಿಸಬೇಕು. ತಕ್ಕಡಿಗೆ ನೇತುಹಾಕಲು ಆ ಉಂಗುರ ಕೊಡು ಅಂತ ದೊರೆ ಕೇಳಿದ. ಕೊಡಲ್ಲ ಬುದ್ಧಿ, ಅದು ನನಗೇ ಇನ್ನೂ ಬೇಕು ಅಂದಳು ಬೊಳ್ಳಿ.

ಮೂರನೆಯ ದಿನ ಜಡೆಯ ಬಂಡೆ ಇಳಿದ. ಮೇಲೆ ಮಾಸ್ತಿ ಹಗ್ಗ ಹಿಡಿದಿದ್ದ. ಬೊಳ್ಳಿ ಪಕ್ಕದಲ್ಲಿ ಕೂತು ಕಿವಿಗೊಟ್ಟಳು. ಕೆಳಗಿನಿಂದ ಒಂದು ಪೆಟ್ಟು ಕೇಳಿಸಿತು. ಎರಡು ಕೇಳಿಸಿತು. ಮೂರು ಕೇಳಿಸಿತು. ಆಮೇಲೆ ಹಗ್ಗ ಎಳೀರೋ, ಬುಟ್ಟಿ ಭಾರ ಆಗಿದೆ ಅಂತ ಜಡೆಯ ಕೂಗಿದ. ಬೊಳ್ಳಿ ಎದ್ದು ಬುಟ್ಟಿ ಎಳೆಯಲು ಕೈಜೋಡಿಸಿದಳು.

ಮಕ್ಕಳೇ, ಇಷ್ಟು ನೆನಪಿಡಿ. ಭಾರ ಹೊತ್ತು ನಿಂತದ್ದೆಲ್ಲ ಪೆಟ್ಟು ತಾಳುತ್ತದೆ ಅಂತ ನಂಬಬೇಡಿ, ಯಾವುದಕ್ಕೆ ಬೇಕೋ ಅದಕ್ಕೇ ಪರೀಕ್ಷೆ ಮಾಡಿ ನೋಡಿ. ನಿಮ್ಮ ಕೈಯಲ್ಲಿ ಹಿಡಿಯಲು ನಿಮಗೇ ಹೆದರಿಕೆ ಆಗುವಂಥದ್ದನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಬೊಳ್ಳಿಯ ಮನೆಯವರು ಜೇನು ತಿಂದರು, ನಾವು ಕಥೆ ತಿಂದೆವು, ಏಳಿ ಇನ್ನು, ಕೈತೊಳೆಯೋಣ.