ವ್ಯಾನಿನಿಂದ ಇಳಿಯದ ಹುಡುಗಿ

“ಗುರುಗಳೇ, ನನ್ನ ಮಗನಿಗೆ ಶಾಲೆಯೆಂದರೆ ಭಯ. ಹೆದರಬೇಡ ಎಂದು ದಿನವೂ ಧೈರ್ಯ ಹೇಳುತ್ತೇನೆ. ಆದರೂ ಭಯ ಹೋಗುತ್ತಿಲ್ಲ. ಇನ್ನೇನು ಹೇಳಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ಒಬ್ಬ ಬಡಗಿಯಿದ್ದ. ಅವನಿಗೆ ಐವಿ ಎಂಬ ಒಬ್ಬಳೇ ಮಗಳು. ಹೆಂಡತಿ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಆ ದೇಶದಲ್ಲಿ ಹನ್ನೊಂದು ತುಂಬಿದ ಮಕ್ಕಳು ಮನೆಯ ಹತ್ತಿರದ ಚಿಕ್ಕ ಶಾಲೆ ಬಿಟ್ಟು ದೊಡ್ಡ ಶಾಲೆಗೆ ಸೇರುತ್ತಾರೆ. ಐವಿಯೂ ಹೊಸ ಕೋಟು ತೊಟ್ಟು, ಟೈ ಕಟ್ಟಿಕೊಂಡು ಸೇರಿದಳು. ಕೆಲವು ದಿನ ಹೋದಳು. ಒಂದು ಬೆಳಿಗ್ಗೆ ಅಪ್ಪ ಶಾಲೆಯ ಗೇಟಿನ ಮುಂದೆ ವ್ಯಾನು ನಿಲ್ಲಿಸಿದಾಗ ಅವಳು ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ.

ಅಪ್ಪ ಹೆದರಬೇಡ ಎಂದ, ರಮಿಸಿದ. ಆಮೇಲೆ ಗದರಿದ. ಒಂದು ದಿನ ಬಾಗಿಲು ತೆರೆದು ಕೈ ಹಿಡಿದು ಎಳೆದ. ಅವಳು ಸೀಟಿನ ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಒಳಗೆ ಹೋಗುತ್ತಿದ್ದ ಮಕ್ಕಳು ನಿಂತು ನೋಡಿದರು. ಅವನು ಕೈ ಬಿಟ್ಟ.

ಅಲ್ಲಿ ಮಗು ಕಾರಣವಿಲ್ಲದೆ ಶಾಲೆ ತಪ್ಪಿಸಿದರೆ ಹೆತ್ತವರು ಸರ್ಕಾರಕ್ಕೆ ಉತ್ತರ ಕೊಡಬೇಕು. ಹೀಗೇ ಮುಂದುವರಿದರೆ ಅಧಿಕಾರಿಗಳ ಮುಂದೆ ನಿಲ್ಲಬೇಕಾಗುತ್ತದೆ ಎಂದು ಬಡಗಿಗೆ ಎಚ್ಚರಿಕೆ ಬಂತು. ಅವನಿಗೆ ಊಟ ಸೇರದಾಯಿತು. ಕೆಲಸದಲ್ಲಿ ಅಳತೆ ತಪ್ಪತೊಡಗಿತು.

ಶಾಲೆಯವರು ಕೆಟ್ಟವರಲ್ಲ. ತರಗತಿಯ ಶಿಕ್ಷಕಿ ವ್ಯಾನಿನ ಬಳಿಗೇ ಬಂದು ವಿಚಾರಿಸಿದಳು. ಯಾರಾದರೂ ಕಾಡಿಸುತ್ತಾರೆಯೇ? ಇಲ್ಲ. ಗಣಿತ ಕಷ್ಟವೇ? ಇಲ್ಲ. ಆದರೂ ಐವಿಯ ಜಾಗವನ್ನು ಕಿಟಕಿಯ ಪಕ್ಕಕ್ಕೆ ಬದಲಿಸಿದರು. ಪರೀಕ್ಷೆಗಳಿಂದ ಬಿಡುಗಡೆ ಕೊಟ್ಟರು. ಗದ್ದಲವಿಲ್ಲದ ಕೋಣೆಯಲ್ಲಿ ಊಟಕ್ಕೆ ಏರ್ಪಾಡು ಮಾಡಿದರು. ಅವಳು ಇಳಿಯಲಿಲ್ಲ. “ನಮಗೂ ದಾರಿ ಕಾಣುತ್ತಿಲ್ಲ” ಎಂದು ಶಿಕ್ಷಕಿ ಕೈಚೆಲ್ಲಿದಳು.

ಒಂದು ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯಿತು. ಗೇಟು ಮುಚ್ಚಿತು. ಅಪ್ಪನ ಬಳಿ ಹೇಳುವ ಮಾತು ಉಳಿದಿರಲಿಲ್ಲ. ಎಂಜಿನ್ ಆರಿಸಿದ. ಮಗಳ ಕಡೆ ತಿರುಗಿ ಕೇಳಿದ:

“ಐವಿ, ನೀನು ಒಳಗೆ ಹೋದರೆ ಏನಾಗುತ್ತದೆ?”

“ಒಳಗೆ ಏನೂ ಆಗುವುದಿಲ್ಲ ಅಪ್ಪ. ಹೊರಗೆ ಆಗುತ್ತದೆ. ಅಮ್ಮ ಅವತ್ತು ನನ್ನನ್ನು ಹಳೆಯ ಶಾಲೆಗೆ ಬಿಟ್ಟು ಹೋದಳು. ಊಟದ ಹೊತ್ತಿಗೆ ಟೀಚರ್ ಬಂದು ನನ್ನನ್ನು ಹೊರಗೆ ಕರೆದು ಅಮ್ಮನ ಸುದ್ದಿ ಹೇಳಿದರು. ಈಗ ಯಾರಾದರೂ ತರಗತಿಯ ಬಾಗಿಲು ತೆರೆದರೆ ಸಾಕು, ನಿನ್ನ ಸುದ್ದಿ ಬಂತು ಅನ್ನಿಸುತ್ತದೆ.”

‘ನನಗೇನೂ ಆಗುವುದಿಲ್ಲ’ ಎಂಬ ಮಾತು ಅಪ್ಪನ ಬಾಯಿಗೆ ಬಂತು. ಅದು ತನ್ನ ಕೈಯಲ್ಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು.

“ನನಗೂ ಹಾಗೇ ಆಗುತ್ತದೆ. ನೀನು ಒಳಗೆ ಹೋದ ಮೇಲೆ ಫೋನು ಬಂದರೆ ನಿನ್ನ ಸುದ್ದಿ ಅನ್ನಿಸುತ್ತದೆ” ಎಂದ.

ಅವಳು ತಿರುಗಿ ಅವನ ಮುಖ ನೋಡಿದಳು.

ಅಪ್ಪ ಇದನ್ನು ಶಿಕ್ಷಕಿಗೆ ತಿಳಿಸಿದ. ಮೊದಲ ವಿರಾಮದಲ್ಲಿ ಐವಿ ಕಚೇರಿಯಿಂದ ಅಪ್ಪನಿಗೆ ಫೋನು ಮಾಡಬಹುದು ಎಂದು ಶಿಕ್ಷಕಿ ಒಪ್ಪಿದಳು. ಮರುದಿನ ಹುಡುಗಿ ವ್ಯಾನಿನಿಂದ ಇಳಿದಳು. ಗೇಟಿನಲ್ಲಿ ನಿಂತು ಒಮ್ಮೆ ಹಿಂತಿರುಗಿ ನೋಡಿದಳು. ಒಳಗೆ ಹೋದಳು. ವಿರಾಮದಲ್ಲಿ ಫೋನು ಬಂತು.

“ಅಪ್ಪ?”

“ಇದ್ದೇನೆ.”

“ಸರಿ.”

ಅಷ್ಟೇ ಮಾತು. ಎಷ್ಟೋ ಬೆಳಿಗ್ಗೆ ಅವಳು ಮತ್ತೆ ಇಳಿಯದೆ ಮನೆಗೆ ಮರಳಿದ್ದೂ ಉಂಟು. ಆದರೆ ಬರಬರುತ್ತಾ ಫೋನು ಊಟದ ಹೊತ್ತಿಗೆ ಸರಿಯಿತು. ವಸಂತದಲ್ಲಿ ಒಂದು ದಿನ ಫೋನು ಬರಲೇ ಇಲ್ಲ. ಬಡಗಿಗೆ ಕೆಲಸದಲ್ಲಿ ಕೈ ಓಡಲಿಲ್ಲ. ಗರಗಸ ಕೆಳಗಿಟ್ಟು ಶಾಲೆಗೆ ಹೋಗಿ ಗೇಟಿನಲ್ಲಿ ಕಾದು ನಿಂತ. ಶಾಲೆ ಬಿಟ್ಟಾಗ ಐವಿ ಗೆಳತಿಯರ ಜೊತೆ ನಗುತ್ತಾ ಬಂದಳು. ಫೋನು ಮಾಡಲು ಮರೆತಿದ್ದಳು.

ಗುರುಗಳು ಕತೆ ಮುಗಿಸಿದರು.

“ತಿಳಿಯಿತು ಗುರುಗಳೇ. ಈ ಕತೆಯನ್ನು ಇವತ್ತೇ ನನ್ನ ಮಗನಿಗೆ ಹೇಳುತ್ತೇನೆ. ಅವನ ಭಯ ಹೋಗುತ್ತದೆ” ಎಂದು ಶಿಷ್ಯ ಎದ್ದು ನಿಂತ.

ಗುರುಗಳು ಕೇಳಿದರು: “ಅವನಿಗೆ ಯಾವುದರ ಭಯ?”